ಪಿ.ಟಿ. ಪೀರಿಯಡ್ ಕಿತ್ತುಕೊಳ್ಳುವುದನ್ನು ನಿಲ್ಲಿಸಿ: ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಿಕ್ಷಣ ಸಚಿವರಿಗೆ,

ನಮಸ್ಕಾರಗಳು. ಸರ್ಕಾರಿ ಶಾಲೆಯ ಪ್ರತಿ ಮಗುವಿಗೂ ದಿನಾ ಕಡ್ಡಾಯವಾಗಿ ದೈಹಿಕ ಚಟುವಟಿಕೆ ಇರಬೇಕೆಂಬ ಸುತ್ತೋಲೆ ತಮ್ಮ ಇಲಾಖೆಯಿಂದಲೇ ಹೊರಟದ್ದು. ಅದರಲ್ಲಿ ಏನಿದೆ ಎಂದು ತಮಗೆ ನಾವು ಹೇಳಬೇಕಾಗಿಲ್ಲ. ಅದು ಶಾಲೆಗೆ ಬಂದು ಸೇರಿದ ಮೇಲೆ ಏನಾಗುತ್ತದೆ ಎಂಬುದನ್ನು ಮೈದಾನದಲ್ಲಿ ನಿಂತು ನೋಡುವವರು ನಾವು, ದೈಹಿಕ ಶಿಕ್ಷಣ ಶಿಕ್ಷಕರು. ಇಷ್ಟು ವರ್ಷ ಮನವಿ, ಜ್ಞಾಪನ, ಸಭೆಯ ನಡಾವಳಿ ಎಂದು ಇಲಾಖೆಯ ಒಳಗೇ ಹೇಳಿಕೊಂಡು ಬಂದೆವು. ಇನ್ನು ಎಲ್ಲರಿಗೂ ಕೇಳಿಸುವ ಹಾಗೆ ಕೇಳುತ್ತೇವೆ: ದಿನದ ಚಟುವಟಿಕೆಗೆ ವೇಳಾಪಟ್ಟಿಯೊಳಗೆ ನಿಗದಿತ ಸಮಯ ಕೊಡಿ. ಆ ಸಮಯವನ್ನು ಯಾರೂ ಕಿತ್ತುಕೊಳ್ಳದ ಹಾಗೆ ಆದೇಶ ಮಾಡಿ.

ಸುತ್ತೋಲೆ 20 ನಿಮಿಷ ಎನ್ನುತ್ತದೆ. ಯಾವ 20 ನಿಮಿಷ ಎನ್ನುವುದಿಲ್ಲ. ಎಲ್ಲ ಪೀರಿಯಡ್‌ಗೂ ಒಬ್ಬೊಬ್ಬ ಯಜಮಾನರಿರುವ ಶಾಲೆಯಲ್ಲಿ ಯಜಮಾನನಿಲ್ಲದ 20 ನಿಮಿಷ ಎಲ್ಲಿಂದ ಬರಬೇಕು? ಹಾಗಾಗಿ ಅದು ಪ್ರಾರ್ಥನೆಯ ನಂತರ ನಾಲ್ಕು ಸಾಲಿನ ಕೈ ಎತ್ತು, ಕೈ ಇಳಿಸು ಆಗಿ ಐದು ನಿಮಿಷದಲ್ಲಿ ಮುಗಿಯುತ್ತದೆ. ವಾರದಲ್ಲಿ ಇರುವ ಒಂದೆರಡು ಪಿ.ಟಿ. ಪೀರಿಯಡ್‌ಗಳೂ ಪರೀಕ್ಷೆ ಹತ್ತಿರ ಬಂದಂತೆ ಗಣಿತಕ್ಕೋ ವಿಜ್ಞಾನಕ್ಕೋ ಹೋಗುತ್ತವೆ. ಪೋರ್ಷನ್ ಮುಗಿದಿಲ್ಲ ಎಂಬ ಒಂದು ಮಾತು ಸಾಕು, ಮೈದಾನಕ್ಕೆ ಇಳಿಯುತ್ತಿದ್ದ ತರಗತಿ ಮೆಟ್ಟಿಲಿನಿಂದಲೇ ವಾಪಸ್.

ಆದರೆ ರಿಜಿಸ್ಟರಿನಲ್ಲಿ ಮಾತ್ರ ಒಂದು ದಿನವೂ ತಪ್ಪಿಲ್ಲ. ತಪಾಸಣೆಯ ಹಿಂದಿನ ಸಂಜೆ ಕೂತು ಇಡೀ ತಿಂಗಳಿನ ಕಾಲಂಗಳನ್ನು ತುಂಬಿಸುತ್ತಾರೆ: ದಿನಾಂಕ, ತರಗತಿ, ಚಟುವಟಿಕೆ, 20 ನಿಮಿಷ, ಸಹಿ. ಎಲ್ಲ ಪುಟಗಳಲ್ಲೂ ಒಂದೇ ಪೆನ್ನು, ಒಂದೇ ಕೈ. ಜೋರು ಮಳೆ ಸುರಿದ ದಿನವೂ ಅದರಲ್ಲಿ ಮೈದಾನದ ಓಟ ನಡೆದಿರುತ್ತದೆ. ಶಾಲೆಗೆ ಬಾರದ ಮಗುವೂ ಓಡಿರುತ್ತದೆ. ಆ ಪುಟಗಳನ್ನು ನೋಡಿ ಅಧಿಕಾರಿ ತೃಪ್ತಿಕರ ಎಂದು ಷರಾ ಬರೆದು ಹೋಗುತ್ತಾರೆ. ಕಿಟಕಿಯಿಂದ ಹೊರಗೆ ನೋಡಿದ್ದರೆ ಖಾಲಿ ಮೈದಾನ ಕಾಣುತ್ತಿತ್ತು. ಇದನ್ನು ಬರೆಯುವಾಗಲೂ ನಮಗೆ ಸಿಟ್ಟು ಬರುತ್ತದೆ. ಮಕ್ಕಳ ಹೆಸರಿನಲ್ಲಿ ಸುಳ್ಳು ಬರೆಸುವ ಕೆಲಸ ಇದು. ಬರೆಯುವ ಶಿಕ್ಷಕರೂ ಮನಸ್ಸಿದ್ದು ಬರೆಯುತ್ತಿಲ್ಲ, ಸಮಯ ಕೊಡದೆ ಲೆಕ್ಕ ಕೇಳಿದರೆ ಸಿಗುವುದು ಇಂಥ ಲೆಕ್ಕವೇ.

5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಸಾಧಾರಣದಿಂದ ತೀವ್ರ ಮಟ್ಟದ ಚಟುವಟಿಕೆ ಬೇಕು, ವಾರದಲ್ಲಿ ಕನಿಷ್ಠ 3 ದಿನ ಸ್ನಾಯು ಮತ್ತು ಮೂಳೆ ಗಟ್ಟಿಯಾಗುವಂಥದ್ದೂ ಇರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ. ಶಾಲೆಯ 20 ನಿಮಿಷ ಅದರ ಮೂರನೇ ಒಂದು ಪಾಲು ಮಾತ್ರ. 11ರಿಂದ 17 ವರ್ಷದವರಲ್ಲಿ ಶೇ 81ರಷ್ಟು ಮಂದಿ ಆ ಮಟ್ಟ ಮುಟ್ಟುತ್ತಿಲ್ಲ ಎಂದು ಅದೇ ಸಂಸ್ಥೆ 2016ರ ಜಾಗತಿಕ ಅಂಕಿಅಂಶಗಳ ಆಧಾರದ ಮೇಲೆ ಹೇಳಿತ್ತು. ಹುಡುಗಿಯರ ಸ್ಥಿತಿ ಹುಡುಗರಿಗಿಂತ ಕೆಟ್ಟದು. ಕೆನಡಾದ ಒಂಟಾರಿಯೊ ಪ್ರಾಂತ್ಯ 2005ರಲ್ಲೇ 1ರಿಂದ 8ನೇ ತರಗತಿವರೆಗೆ ದಿನಕ್ಕೆ 20 ನಿಮಿಷ ಕಡ್ಡಾಯ ಮಾಡಿತು. ಎಷ್ಟೋ ತರಗತಿಗಳಲ್ಲಿ ಅದು ದಿನವೂ ನಡೆಯುತ್ತಿಲ್ಲ ಎಂದು ಆಮೇಲಿನ ಅಧ್ಯಯನಗಳು ತೋರಿಸಿದವು. ಕಾರಣ ನಮಗೆಲ್ಲ ಗೊತ್ತಿರುವುದೇ: ಬೇರೆ ವಿಷಯಗಳ ಒತ್ತಡ, ಸಮಯ ಇಲ್ಲ, ಜಾಗ ಇಲ್ಲ, ತರಬೇತಿ ಇಲ್ಲ. ಆ ದಾರಿಯಲ್ಲಿ ನಾವೂ ನಡೆದು ಎಡವಬೇಕೇ? ಸಮಯವನ್ನು ವೇಳಾಪಟ್ಟಿಯಲ್ಲಿ ಅಚ್ಚು ಮಾಡಿಸಿ.

ಎಷ್ಟು ಸಮಯ ಎಂಬುದನ್ನು ಸರಿಯಾಗಿ ಲೆಕ್ಕ ಹಾಕೋಣ. ಚಟುವಟಿಕೆ 20 ನಿಮಿಷ ನಡೆಯಬೇಕಾದರೆ ವೇಳಾಪಟ್ಟಿಯಲ್ಲಿ 30 ನಿಮಿಷ ಬೇಕು. ಇಳಿದು ಬಂದು ನಿಲ್ಲಲು 5, ನೀರು ಕುಡಿದು ಮತ್ತೆ ಕೂರಲು 5. ಈ ಹತ್ತು ನಿಮಿಷ ಕೊಡದಿದ್ದರೆ ಅದು ಚಟುವಟಿಕೆಯಿಂದಲೇ ಕತ್ತರಿಸಿ ಹೋಗುತ್ತದೆ.

ಸಮಯ ಸಿಕ್ಕ ಮೇಲೂ ಅದು ಸೋರುವುದು ಸರದಿ ಸಾಲಿನಲ್ಲಿ. 45 ಮಕ್ಕಳು, ಒಂದು ಉದ್ದಜಿಗಿತದ ಗುಂಡಿ. ಹೆಸರು ಕರೆದು, ಓಡಿ ಬಂದು, ಜಿಗಿದು, ಮರಳು ಸರಿಮಾಡಿ ಮುಂದಿನವರನ್ನು ಕರೆಯುವಷ್ಟರಲ್ಲಿ ತಲೆಗೆ 30 ಸೆಕೆಂಡು ಹಿಡಿಯಿರಿ. ಒಂದು ಸುತ್ತಿಗೆ 22 ನಿಮಿಷ ದಾಟಿತು. ಮಗುವಿನ ಮೈ ನಿಜವಾಗಿ ಅಲುಗಿದ್ದು ಐದಾರು ಸೆಕೆಂಡು. ಉಳಿದ ಹೊತ್ತೆಲ್ಲ ಬಿಸಿಲಿನಲ್ಲಿ ನಿಂತದ್ದು. ರಿಜಿಸ್ಟರಿನಲ್ಲಿ ಇದೂ 20 ನಿಮಿಷವೇ.

ಅದೇ 45 ಮಕ್ಕಳನ್ನು ಆರಾರು, ಏಳೇಳು ಮಂದಿಯ ಏಳು ಗುಂಪು ಮಾಡಿ, ಏಳು ಕಡೆ ನಿಲ್ಲಿಸಿ. ಸ್ಕಿಪ್ಪಿಂಗ್, ಗೋಡೆಗೆ ಕೈ ಊರಿ ಪುಷ್‌ಅಪ್, 10 ಮೀಟರ್ ಹೋಗಿ ಬರುವ ಓಟ, ಇಬ್ಬಿಬ್ಬರು ಚೆಂಡು ಎಸೆದು ಹಿಡಿಯುವುದು, ಕುಂಟುವುದು, ಎರಡು ಕೈ ಮುಂದೆ ಚಾಚಿ ಕೂತು ಏಳುವುದು, ಕೋನ್‌ಗಳ ನಡುವೆ ಅಂಕುಡೊಂಕು ಓಟ. ಕಾಲಿನ ಕೆಲಸ ಒಂದರ ಹಿಂದೆ ಒಂದು ಬಂದಲ್ಲಿ ಮಕ್ಕಳು ಬೇಗ ಸುಸ್ತಾಗುತ್ತಾರೆ, ಆದ್ದರಿಂದ ಕೈಯ ಕೆಲಸವನ್ನು ನಡುವೆ ಸೇರಿಸಬೇಕು. ಸೀಟಿ ಊದಿದರೆ 40 ಸೆಕೆಂಡು ಕೆಲಸ, ಮತ್ತೆ ಊದಿದರೆ 20 ಸೆಕೆಂಡಿನಲ್ಲಿ ಮುಂದಿನ ಜಾಗಕ್ಕೆ. ಏಳು ಜಾಗಕ್ಕೆ 7 ನಿಮಿಷ, ಎರಡು ಸುತ್ತಿಗೆ 14. ಮೊದಲು 3 ನಿಮಿಷ ಬೇಗ ನಡಿಗೆ ಮತ್ತು ನಿಧಾನ ಓಟ, ಕೊನೆಗೆ 3 ನಿಮಿಷ ನಿಧಾನ ನಡಿಗೆ. 20 ನಿಮಿಷ ತುಂಬಿತು. ಆರು ಸೆಕೆಂಡು ಅಲುಗಿದ್ದ ಮಗು ಈಗ ಆ ಎರಡು ಸುತ್ತಿನಲ್ಲೇ 9 ನಿಮಿಷಕ್ಕೂ ಹೆಚ್ಚು ಕೆಲಸ ಮಾಡಿದೆ. ಬೇಕಾದ ಸಾಮಾನು 7 ಹಗ್ಗ, 4 ಚೆಂಡು, 10 ಕೋನ್, ಸೀಮೆಸುಣ್ಣ, ಒಂದು ಸೀಟಿ, ಒಂದು ಗಡಿಯಾರ. ಕೋನ್ ಇಲ್ಲದಿದ್ದರೆ ಅರ್ಧ ಮರಳು ತುಂಬಿದ ಬಾಟಲಿ ಆದೀತು.

ಇದೂ ಮೊದಲ ದಿನ ಕೆಡುತ್ತದೆ. 20 ಸೆಕೆಂಡಿನ ಬದಲಾವಣೆ ಒಂದು ನಿಮಿಷವಾಗುತ್ತದೆ, ಯಾವ ಕಡೆ ತಿರುಗಬೇಕೆಂದು ಮಕ್ಕಳಿಗೆ ತಿಳಿಯದೆ ಎರಡು ಗುಂಪು ಡಿಕ್ಕಿ ಹೊಡೆಯುತ್ತವೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಸಂಖ್ಯೆ, ಬಾಣದ ಗುರುತು ಬರೆದು, ಯಾವಾಗಲೂ ಒಂದೇ ದಿಕ್ಕಿಗೆ ತಿರುಗಿಸಬೇಕು. ಮೊದಲ ಎರಡು ಮೂರು ದಿನ ಸೀಟಿಗೆ ನಿಲ್ಲುವುದು, ಓಡುವುದನ್ನಷ್ಟೇ ಅಭ್ಯಾಸ ಮಾಡಿಸಿದರೆ ವರ್ಷವಿಡೀ ಸಮಯ ಉಳಿಯುತ್ತದೆ. ಹಗ್ಗದ ಅಳತೆಯನ್ನೂ ನೋಡಬೇಕು. ನಡುವೆ ಕಾಲಿಟ್ಟು ನಿಂತು ಎರಡು ತುದಿ ಮೇಲೆಳೆದರೆ ಹಿಡಿ ಕಂಕುಳವರೆಗೆ ಬರಬೇಕು. ಹತ್ತನೇ ತರಗತಿಯ ಹಗ್ಗವನ್ನು ಮೂರನೇ ತರಗತಿಗೆ ಕೊಟ್ಟರೆ ಮಗು ಎಡವುತ್ತದೆ, ನನಗೆ ಬರುವುದಿಲ್ಲ ಎಂದು ಬದಿಗೆ ಹೋಗಿ ಕೂರುತ್ತದೆ. ಔಟ್ ಆದವರನ್ನು ಹೊರಗೆ ಕೂರಿಸುವ ಆಟಗಳದ್ದೂ ಇದೇ ಕಥೆ. ಮೊದಲು ಔಟ್ ಆಗುವ ಮಗುವಿಗೇ ಓಟ ಹೆಚ್ಚು ಬೇಕಾಗಿರುತ್ತದೆ. ಔಟ್ ಆದವರು ಹತ್ತು ಸಲ ಜಿಗಿದು ಒಳಗೆ ಬರಲಿ ಎಂದು ನಿಯಮ ತಿದ್ದಿದರೆ ಆಟವೂ ಉಳಿಯುತ್ತದೆ, ಮಗುವೂ ಉಳಿಯುತ್ತದೆ.

ಸಾಕಷ್ಟು ಶ್ರಮ ಆಯಿತೇ ಎಂದು ತಿಳಿಯಲು ಯಂತ್ರ ಬೇಡ. ಮಾತಾಡಲು ಆಗಬೇಕು, ಹಾಡಲು ಆಗಬಾರದು: ಅದು ಸಾಧಾರಣ ಮಟ್ಟ. ನಾಲ್ಕು ಪದಕ್ಕೆ ಉಸಿರು ಎಳೆಯಬೇಕಾದರೆ ತೀವ್ರ.

ಮೈದಾನ ಇಲ್ಲ ಎಂಬ ಉತ್ತರ ಬರುತ್ತದೆಂದು ಗೊತ್ತು. ಮಳೆಯಲ್ಲಿ, ಇಕ್ಕಟ್ಟಿನ ಶಾಲೆಯಲ್ಲಿ ತರಗತಿಯೊಳಗೇ ಮಾಡಬಹುದು. ಮೇಲಿನ ಮಹಡಿಯಲ್ಲಿ ಜಿಗಿಸಬಾರದು, ಕೆಳಗಿನ ತರಗತಿಯವರು ದೂರು ಕೊಟ್ಟ ಮರುದಿನ ಎಲ್ಲವೂ ನಿಂತುಹೋಗುತ್ತದೆ. ನಿಂತಲ್ಲೇ ಮೊಣಕಾಲು ಎತ್ತುವುದು, ಹಿಮ್ಮಡಿ ಎತ್ತುವುದು, ಬೆಂಚಿನಿಂದ ಕೈ ಊರದೆ ಏಳುವುದು, ಗೋಡೆಯ ಪುಷ್‌ಅಪ್ ಸದ್ದಿಲ್ಲದೆ ನಡೆಯುತ್ತವೆ. ಸ್ಕಾಟ್ಲೆಂಡಿನ ಸ್ಟರ್ಲಿಂಗ್‌ನ ಒಂದು ಪ್ರಾಥಮಿಕ ಶಾಲೆಯಲ್ಲಿ 2012ರಲ್ಲಿ ಶುರುವಾದ ಡೈಲಿ ಮೈಲ್ ಪದ್ಧತಿಗೆ ಬೇಕಾದದ್ದು 15 ನಿಮಿಷ ಮತ್ತು ಸುತ್ತು ಹಾಕಲು ಒಂದು ದಾರಿ. ಬಟ್ಟೆ ಬದಲಿಸುವುದಿಲ್ಲ, ಸಾಮಾನಿಲ್ಲ, ಸ್ಪರ್ಧೆಯಿಲ್ಲ, ಆಗದವರು ನಡೆಯುತ್ತಾರೆ. ಅದು ಬೇರೆ ಬೇರೆ ದೇಶಗಳಿಗೆ ಹರಡಿತು.

ಬಿಸಿಲಿಗೆ ಮಾತ್ರ ಎಚ್ಚರ ಬೇಕು. ಬೇಸಿಗೆಯಲ್ಲಿ ಬೆಳಗಿನ ಮೊದಲ ಪೀರಿಯಡ್‌ಗಳಲ್ಲೇ ಮುಗಿಸಬೇಕು, ಶುರು ಮಾಡುವ ಮೊದಲೇ ನೀರು ಕುಡಿಸಬೇಕು. ತಲೆನೋವು, ವಾಂತಿ ಬಂದಂತಾಗುವುದು, ಮಾತು ತಡವರಿಸುವುದು ಕಂಡರೆ ತಕ್ಷಣ ನೆರಳಿಗೆ ಕರೆದು ಮೈ ತಂಪು ಮಾಡಬೇಕು. ಮಾತು ತಡವರಿಸಿದರೆ ಆಸ್ಪತ್ರೆಗೂ ಕರೆದೊಯ್ಯಬೇಕು. ಅಸ್ತಮಾ ಇರುವ ಮಗುವಿನ ಇನ್‌ಹೇಲರ್ ಮೈದಾನದಲ್ಲಿ ಕೈಗೆಟಕುವಂತಿರಬೇಕು. ಅದು ಆಫೀಸಿನ ಬೀರುವಿನಲ್ಲಿದ್ದು ಬೀಗದ ಕೈ ರಜೆಯಲ್ಲಿರುವವರ ಬಳಿ ಇದ್ದರೆ ಏನು ಪ್ರಯೋಜನ? ನಡೆಯಲಾಗದ ಮಗುವಿಗೆ ಸ್ಕೋರ್ ಬರೆಯುವ ಕೆಲಸ ಕೊಟ್ಟು ಕೈತೊಳೆದುಕೊಳ್ಳುವುದೂ ನಿಲ್ಲಬೇಕು. ಕೂತಲ್ಲಿಂದ ಚೆಂಡು ಎಸೆಯುವುದು, ಗಾಲಿಕುರ್ಚಿಯಲ್ಲಿ ಕೋನ್ ಸುತ್ತುವುದು ಏಳು ಜಾಗಗಳ ಪಟ್ಟಿಯಲ್ಲೇ ಸೇರಬೇಕು.

ಇನ್ನೊಂದು ವಿಷಯದಲ್ಲಿ ನಮ್ಮ ತಾಳ್ಮೆ ತೀರಿದೆ. ಹೋಂವರ್ಕ್ ತರದ ಮಗುವನ್ನು ಆಟಕ್ಕೆ ಬಿಡದೆ ಕೂರಿಸುತ್ತಾರೆ. ತಡವಾಗಿ ಬಂದ ಮಗುವಿಗೆ ಶಿಕ್ಷೆಯೆಂದು ಮೈದಾನ ಸುತ್ತಿಸುತ್ತಾರೆ. ಓಟ ಶಿಕ್ಷೆ ಎಂದು ಕಲಿತ ಮಗುವನ್ನು ಮತ್ತೆ ಓಟಕ್ಕೆ ಕರೆತರುವುದು ಎಷ್ಟು ಕಷ್ಟ ಎಂದು ನಮ್ಮನ್ನು ಕೇಳಿ. ಎರಡನ್ನೂ ಹೆಸರಿಸಿ ನಿಷೇಧಿಸಿ.

ಪಿ.ಟಿ.ಗೆ ಸಮಯ ಕೊಟ್ಟರೆ ಫಲಿತಾಂಶ ಕುಸಿಯುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ದೈಹಿಕ ಶಿಕ್ಷಣದ ಸಮಯ ಹೆಚ್ಚಿಸಿದ ಶಾಲೆಗಳನ್ನು ನೋಡಿದ ಸಂಶೋಧನಾ ವಿಮರ್ಶೆಗಳು ಅಂಕಗಳು ಇಳಿದದ್ದನ್ನು ಕಾಣಲಿಲ್ಲ. ಓಡಿ ಬಂದ ತರಗತಿ ಪಾಠದ ಮೇಲೆ ಹೆಚ್ಚು ಹೊತ್ತು ಗಮನ ಇಡುತ್ತದೆ ಎಂದೇ ಅನೇಕ ಅಧ್ಯಯನಗಳು ಹೇಳುತ್ತವೆ.

ತಪಾಸಣೆಯ ವಿಧಾನವನ್ನೂ ಬದಲಿಸಿ. ಅಧಿಕಾರಿ ಮೈದಾನದ ಅಂಚಿನಲ್ಲಿ ನಿಲ್ಲಲಿ. ನಾಲ್ಕು ಮಕ್ಕಳನ್ನು ಆರಿಸಿಕೊಂಡು ಒಬ್ಬೊಬ್ಬರನ್ನೇ 10 ಸೆಕೆಂಡು ನೋಡಿ, ಮುಂದಿನ 10 ಸೆಕೆಂಡಿನಲ್ಲಿ ನಿಂತಿದೆ, ನಡೆಯುತ್ತಿದೆ, ಓಡುತ್ತಿದೆ ಎಂದು ಗುರುತು ಹಾಕಲಿ. ಅವಧಿಯ ಅರ್ಧಕ್ಕಿಂತ ಹೆಚ್ಚು ಹೊತ್ತು ಮಕ್ಕಳು ಚುರುಕಾಗಿ ಚಲಿಸುತ್ತಿದ್ದರೆ ಸರಿ. ಒಂದು ಹಾಳೆ, ಒಂದು ಪೆನ್ಸಿಲ್ ಸಾಕು, ಸುಳ್ಳು ಬರೆಯಲು ಅಲ್ಲಿ ಜಾಗವಿಲ್ಲ.

ದಿನವೂ ಎಲ್ಲ ತರಗತಿಗೂ ದೈಹಿಕ ಶಿಕ್ಷಕರೊಬ್ಬರೇ ನಡೆಸಲು ಆಗದು, ತರಗತಿ ಶಿಕ್ಷಕರು ಬೇಕೇ ಬೇಕು. ಅವರಿಗೆ ಸಭಾಂಗಣದಲ್ಲಿ ಕೂರಿಸಿ ಸ್ಲೈಡ್ ತೋರಿಸಬೇಡಿ. ಅರ್ಧ ದಿನ ಮೈದಾನದಲ್ಲಿ, ನಿಜವಾದ 45 ಮಕ್ಕಳೊಂದಿಗೆ, ಕೈಗೆ ಸೀಟಿ ಕೊಟ್ಟು ಮಾಡಿಸಿ. ನಮ್ಮನ್ನೂ ಗಂಟೆ ಹೊಡೆಯುವುದು, ಸ್ಟಾಕ್ ಬರೆಯುವುದು, ಸಮಾರಂಭಕ್ಕೆ ಕುರ್ಚಿ ಹಾಕಿಸುವುದರಿಂದ ಬಿಡಿಸಿ. ಆ ತರಬೇತಿ ನಾವೇ ಕೊಡುತ್ತೇವೆ.

ಮುಂದಿನ ಶೈಕ್ಷಣಿಕ ವರ್ಷದ ವೇಳಾಪಟ್ಟಿ ಶಾಲೆಗಳಿಗೆ ಹೋಗುವ ಮೊದಲು ತಾವು ಮಾಡಬೇಕಾದದ್ದು ಇಷ್ಟು. ದಿನಕ್ಕೊಂದು 30 ನಿಮಿಷದ ಅವಧಿಯನ್ನು, ಅದು ಎಷ್ಟನೇ ಪೀರಿಯಡ್ ಎಂಬ ಸಂಖ್ಯೆ ಸಮೇತ, ಎಲ್ಲ ತರಗತಿಗಳ ವೇಳಾಪಟ್ಟಿಯಲ್ಲಿ ಸೇರಿಸಿ. ಪರೀಕ್ಷೆಯ ತಿಂಗಳಲ್ಲೂ ಅದನ್ನು ಬೇರೆ ವಿಷಯಕ್ಕೆ ಬಳಸಬಾರದೆಂದು, ಬಳಸಿದರೆ ಯಾರು ಉತ್ತರ ಕೊಡಬೇಕೆಂದು ಆದೇಶದಲ್ಲೇ ಬರೆಯಿರಿ. ಮತ್ತೊಂದು ಸುತ್ತೋಲೆ ಬೇಡ. ಮತ್ತೊಂದು ರಿಜಿಸ್ಟರ್ ಖಂಡಿತ ಬೇಡ. ಸಮಯ ಕೊಡಿ. ಆಗುವುದಿಲ್ಲ ಎಂದಾದರೆ ಯಾಕೆ ಎಂಬುದನ್ನೂ ಬಹಿರಂಗವಾಗಿಯೇ ತಿಳಿಸಿ, ಪೋಷಕರೂ ಓದಲಿ.

ಇತಿ,
ದೈಹಿಕ ಶಿಕ್ಷಣ ಶಿಕ್ಷಕರು