ಕೆಡದ ಡಿಸ್‌ಪ್ಲೇಗೆ 6,400 ರೂಪಾಯಿ ಬಿಲ್ಲು

ಸರ್ವಿಸ್ ಸೆಂಟರ್ ಮ್ಯಾನೇಜರ್ ಅವರಿಗೆ,
ಚಿಕ್ಕಮಗಳೂರು

ವಿಷಯ: ಲ್ಯಾಪ್‌ಟಾಪ್ ತಪ್ಪು ರಿಪೇರಿ ಮಾಡಿದ್ದು, ಹಣ ವಾಪಸ್ ಕೊಡುವುದು

ಸರ್, ನಮಸ್ಕಾರ.

ಹೋದ ಮಂಗಳವಾರ ನಿಮಗೆ ಲ್ಯಾಪ್‌ಟಾಪ್ ಕೊಟ್ಟಿದ್ದೆ. ಚಾರ್ಜಿಂಗ್ ಪಿನ್ ಸಡಿಲವಾಗಿತ್ತು, ಅಷ್ಟೇ. ಶುಕ್ರವಾರ ವಾಪಸ್ ಬಂದಾಗ ಡಿಸ್‌ಪ್ಲೇ ಬದಲಿಸಿದ್ದಕ್ಕೆ 6,400, ವಿಂಡೋಸ್ ಹಾಕಿದ್ದಕ್ಕೆ 800 ಅಂತ ಬಿಲ್ಲು. ಮಗಳು ಓದಿ ಹೇಳಿದಳು. ನನಗೆ ಕಣ್ಣು ಕಾಣುವುದಿಲ್ಲ ಸರ್. ಡಿಸ್‌ಪ್ಲೇ ಬದಲಿಸಿ ಅಂತ ನಾನ್ಯಾಕೆ ಹೇಳಲಿ?

ನಾನು ಬಳಸುವುದು ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್. ಪರದೆ ಮೇಲೆ ಇರುವುದನ್ನು ಓದಿ ಹೇಳುತ್ತದೆ. ಅದರಲ್ಲಿ ಸ್ಕ್ರೀನ್ ಕರ್ಟನ್ ಅಂತ ಒಂದಿದೆ, ಹಾಕಿದರೆ ಪರದೆ ಪೂರ್ತಿ ಕಪ್ಪು, ಮಾತು ಮಾತ್ರ ಬರುತ್ತಿರುತ್ತದೆ. ನಾನು ಕಾಫಿ ಎಸ್ಟೇಟುಗಳ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ, ಕೂಲಿ ಲೆಕ್ಕ ಬರೆಯುವವನು. ಯಾರ ಕೂಲಿ ಎಷ್ಟು, ಯಾರು ಎಷ್ಟು ಅಡ್ವಾನ್ಸ್ ತೆಗೆದುಕೊಂಡಿದ್ದಾರೆ ಅನ್ನೋದನ್ನು ಬೆನ್ನ ಹಿಂದೆ ನಿಂತವರೆಲ್ಲ ಓದಬಾರದು ಅಲ್ವಾ, ಅದಕ್ಕೆ ಯಾವಾಗಲೂ ಹಾಕಿಯೇ ಇಟ್ಟಿರುತ್ತೇನೆ.

ಫೋನ್ ಮಾಡಿ ಕೇಳಿದಾಗ ನಿಮ್ಮ ಹುಡುಗ ಹೇಳಿದ್ದು: "ಆನ್ ಮಾಡಿದ್ರೆ ಲೋಗೋ ಕಾಣ್ತಿತ್ತು ಸರ್, ಪಾಸ್‌ವರ್ಡ್ ಹಾಕೋವರೆಗೂ ಕಾಣ್ತಿತ್ತು, ಆಮೇಲೆ ಕಪ್ಪಾಗ್ತಿತ್ತು." ಕಪ್ಪು ಮಾಡುತ್ತಿದ್ದದ್ದು ಆ ಕರ್ಟನ್. ಪಾಸ್‌ವರ್ಡ್ ತನಕ ಚೆನ್ನಾಗಿ ಕಾಣುವ ಡಿಸ್‌ಪ್ಲೇ ಕೆಟ್ಟಿದೆ ಅಂದುಕೊಂಡಿದ್ದು ಹೇಗೆ? ಹೊಸದು ಹಾಕಿದ ಮೇಲೂ ಕಪ್ಪಾಗಿಯೇ ಇತ್ತಂತೆ. ಆಗಲಾದರೂ ಹಳೆಯದನ್ನು ವಾಪಸ್ ಹಾಕಿ ನನಗೊಂದು ಫೋನ್ ಮಾಡಬಹುದಿತ್ತು. ಫಾರ್ಮ್ಯಾಟ್ ಹೊಡೆದರು.

ಮಾತಾಡುತ್ತಿದ್ದ ಸಾಫ್ಟ್‌ವೇರ್ ಎಲ್ಲಿ ಅಂದರೆ, "ಅದು ಕ್ರ್ಯಾಕ್ ಥರ ಇತ್ತು, ಲೈಸೆನ್ಸೇ ಇರ್ಲಿಲ್ಲ." ಎನ್‌ವಿಡಿಎ 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾದದ್ದು, ಮಾಡಿದವರೂ ಕಣ್ಣು ಕಾಣದವರೇ, ಅವತ್ತಿಂದ ಇವತ್ತಿನವರೆಗೂ ಪುಕ್ಕಟೆ. ಪುಕ್ಕಟೆ ಸಿಗುವುದನ್ನು ಯಾರಾದರೂ ಕ್ರ್ಯಾಕ್ ಮಾಡುತ್ತಾರಾ?

ಸಾಫ್ಟ್‌ವೇರನ್ನು ಮತ್ತೆ ಹಾಕಿಕೊಳ್ಳಬಹುದು. ಆದರೆ ಅದರ ಡಿಕ್ಷನರಿಯಲ್ಲಿ ಆರ್‌ಸಿ ಅಂತ ಬಂದರೆ ರೊಬಸ್ಟಾ ಚೆರ್ರಿ, ಎಪಿ ಅಂತ ಬಂದರೆ ಅರೇಬಿಕಾ ಪಾರ್ಚ್‌ಮೆಂಟ್ ಅಂತ ಓದುವ ಹಾಗೆ, ಆಳುಗಳ ಹೆಸರುಗಳ ಉಚ್ಚಾರ ಸರಿ ಬರುವ ಹಾಗೆ ನಾಲ್ಕು ವರ್ಷದಿಂದ ಒಂದೊಂದೇ ಸೇರಿಸಿದ್ದೆ. ಅದೆಲ್ಲ ಹೋಯಿತು.

ಶುಕ್ರವಾರ ರಾತ್ರಿ ಮನೆಯಲ್ಲಿ ಆನ್ ಮಾಡಿದರೆ ಉಸಿರೇ ಇಲ್ಲ. ವಿಂಡೋಸ್, ಕಂಟ್ರೋಲ್, ಎಂಟರ್ ಮೂರೂ ಒಟ್ಟಿಗೆ ಒತ್ತಿದೆ. ಹಾಗೆ ಒತ್ತಿದರೆ ವಿಂಡೋಸ್‌ನದೇ ನರೇಟರ್ ಮಾತಾಡಬೇಕು. ಅದೂ ಇಲ್ಲ. ಸೌಂಡ್ ಡ್ರೈವರ್ರೇ ಹಾಕಿರಲಿಲ್ಲ! ಮಾರನೇ ದಿನ ಬಟವಾಡೆ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು 42 ಆಳುಗಳ ಲೆಕ್ಕ ಕಾಗದದಲ್ಲಿ ಬರೆಸಿದೆ. ಪಾಪ, ಅವಳಿಗೆ ಸೋಮವಾರ ಪರೀಕ್ಷೆ ಇತ್ತು.

ಎಎಂಸಿ, ಅಂದರೆ ವರ್ಷದ ರಿಪೇರಿ ಕರಾರು ಮಾಡಿಸುವ ಮುಂಚೆ ನಾನು ಮೂರು ಅಂಗಡಿಯಲ್ಲಿ ಕೇಳಿದ್ದೆ, ಸ್ಕ್ರೀನ್ ರೀಡರ್ ಗೊತ್ತಾ ಅಂತ. ಎರಡು ಕಡೆ ಗೊತ್ತಿಲ್ಲ ಅಂದರು. ಅದರಲ್ಲಿ ಒಬ್ಬರು, ನೀವೇ ಪಕ್ಕದಲ್ಲಿ ಕೂತು ಹೇಳಿದರೆ ಮಾಡುತ್ತೇನೆ ಅಂದಿದ್ದರು. ನಿಮ್ಮ ಕೌಂಟರಿನಲ್ಲಿ ಮಾತ್ರ "ಅಂಥ ಕಸ್ಟಮರ್ಸ್ ಬೇಕಾದಷ್ಟು ಜನ ಇದ್ದಾರೆ ಸರ್, ನೀವು ತಲೆ ಕೆಡಿಸ್ಕೋಬೇಡಿ" ಅಂದರು. ನಾನು ಅದನ್ನೇ ನಂಬಿ 3,500 ಕಟ್ಟಿದೆ. ಆ ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ ಅಂದವರ ಹತ್ತಿರ ಹೋಗಬೇಕಿತ್ತು.

ಈಗ ನನಗೆ ಬೇಕಾದದ್ದು ಇಷ್ಟು. ಡಿಸ್‌ಪ್ಲೇ ಮತ್ತು ವಿಂಡೋಸ್‌ನ 7,200 ವಾಪಸ್ ಕೊಡಿ. ನನ್ನ ಹಳೇ ಡಿಸ್‌ಪ್ಲೇ ಎಲ್ಲಿದೆ ಹೇಳಿ, ಅದಕ್ಕೇನೂ ಆಗಿರಲಿಲ್ಲ. ಎಎಂಸಿಯ ಉಳಿದ ತಿಂಗಳ ದುಡ್ಡನ್ನೂ ಕೊಟ್ಟುಬಿಡಿ. ಇಲ್ಲ, ನಾವೇ ನೋಡಿಕೊಳ್ಳುತ್ತೇವೆ ಅನ್ನುವುದಾದರೆ ಮೌಸ್ ಮುಟ್ಟದೆ ಬರೀ ಕೀಬೋರ್ಡಿನಲ್ಲಿ ಕೆಲಸ ಮಾಡಲು ಬರುವ ಒಬ್ಬರನ್ನು ಕೊಡಿ. 2025.1 ಆವೃತ್ತಿಯಿಂದ ಎನ್‌ವಿಡಿಎ ಒಳಗೇ ರಿಮೋಟ್ ಸೌಲಭ್ಯ ಇದೆ, ಎರಡೂ ಕಡೆ ಎನ್‌ವಿಡಿಎ ಇದ್ದರೆ ನನ್ನ ಲ್ಯಾಪ್‌ಟಾಪ್ ಏನು ಓದುತ್ತಿದೆ ಅಂತ ಅವರು ನಿಮ್ಮ ಅಂಗಡಿಯಲ್ಲೇ ಕೂತು ಕೇಳಬಹುದು. "ಸ್ಕ್ರೀನ್ ಮೇಲೆ ಏನ್ ಬರ್ತಿದೆ ನೋಡಿ ಹೇಳಿ ಸರ್" ಅಂತ ನನ್ನನ್ನು ಕೇಳುವುದು ತಪ್ಪುತ್ತದೆ.

15 ದಿನದಲ್ಲಿ ಉತ್ತರ ಬರಲಿಲ್ಲ ಅಂದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಬಿಲ್ಲು ಇದೆ, ನಿಮ್ಮ ಹುಡುಗನ ಜೊತೆ ಮಾತಾಡಿದ್ದರ ರೆಕಾರ್ಡಿಂಗೂ ಇದೆ.

ಅಂದಹಾಗೆ, ಚಾರ್ಜಿಂಗ್ ಪಿನ್ ಇನ್ನೂ ಅಲ್ಲಾಡುತ್ತಲೇ ಇದೆ.

ಇಂತಿ,
ನಿಮ್ಮ ಎಎಂಸಿ ಗ್ರಾಹಕ