ಅಪ್ಪನ ಮೀನಖಂಡ ಅದುರುವ ಬಗ್ಗೆ

ಲೀಡ್ಸ್, ಇಂಗ್ಲೆಂಡ್

ಅಪ್ಪನಿಗೆ ನಮಸ್ಕಾರಗಳು.

ಫೋನಿನಲ್ಲಿ ಹೇಳಿದರೆ "ಆಯ್ತು ಬಿಡವ್ವ" ಅಂತ ಇಟ್ಟುಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ಮಂಜನಿಗೆ ವಾಟ್ಸಾಪ್ ಮಾಡುತ್ತೇನೆ, ಪ್ರಿಂಟ್ ಹಾಕಿಸಿ ಕೊಡುತ್ತಾನೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿ.

ನಿಮ್ಮ ಬಲಗಾಲಿನ ಮೀನಖಂಡ ತಾನೇ ತಾನಾಗಿ ಪಟಪಟ ಅದುರುತ್ತದೆ, ಎಡಗಣ್ಣಿನ ರೆಪ್ಪೆಯೂ ಹೊಡೆದುಕೊಳ್ಳುತ್ತದೆ ಅಂತ ಅವ್ವ ಹೇಳಿದಳು. ಗಂಡಸರಿಗೆ ಎಡಗಣ್ಣು ಅದುರಬಾರದು ಅಂತ ಅವಳ ಸಂಕಟ. ಅದರ ಮೇಲೆ ಮಂಜ ಮೊಬೈಲಿನಲ್ಲಿ ಹುಡುಕಿ ಎಎಲ್‌ಎಸ್ ಅನ್ನೋ ನರದ ಕಾಯಿಲೆ ಹೆಸರು ಹೇಳಿದ್ದಾನೆ. ಆವತ್ತಿನಿಂದ ನೀವು ಮುದ್ದೆ ಅರ್ಧಕ್ಕೇ ಬಿಟ್ಟು ಏಳುತ್ತೀರಂತೆ. ಅವಳದ್ದು ಶಕುನ, ಅವನದ್ದು ಗೂಗಲ್. ಎರಡೂ ಸಾಕು ಬಿಡಿ.

ನಾನು ಇಲ್ಲಿ ನರರೋಗದ ವಾರ್ಡಿನಲ್ಲೇ ಕೆಲಸ ಮಾಡುವುದು. ಎಎಲ್‌ಎಸ್ ಇರುವವರು ಆಸ್ಪತ್ರೆಗೆ ಬರುವುದು ಬರೀ ಅದುರುತ್ತದೆ ಅಂತ ಹೇಳಿಕೊಂಡು ಅಲ್ಲ. ಅಂಗಿ ಗುಂಡಿ ಹಾಕಲು ಆಗುತ್ತಿಲ್ಲ, ಪಾದ ಎಳೆಯುತ್ತದೆ, ಚಪ್ಪಲಿ ಜಾರಿಹೋಗುತ್ತದೆ, ಮಾತು ತೊದಲುತ್ತದೆ, ಹೀಗೆ. ಆ ಕಾಯಿಲೆಯಲ್ಲಿ ಬಲ ಹೋಗುತ್ತದೆ, ಮಾಂಸ ಸೊರಗುತ್ತದೆ. ನೀವು ಮೊನ್ನೆ ಕಬ್ಬಿನ ಹೊರೆ ಹೊತ್ತಿದ್ದೀರಿ ಅಂತ ಅದೇ ಅವ್ವ ಬೈಯುತ್ತಿದ್ದಳಲ್ಲ! ಆದರೂ ಗೋಡೆ ಹಿಡಿದು ತುದಿಗಾಲಲ್ಲಿ ನಡೆಯಿರಿ, ಆಮೇಲೆ ಹಿಮ್ಮಡಿಯಲ್ಲಿ. ಒಂದು ಕಾಲು ಸೋಲುತ್ತದಾ, ಒಂದು ಮೀನಖಂಡ ಸಣ್ಣಗಾಗಿದೆಯಾ ನೋಡಿ. ಹಾಗಿದ್ದರೆ ಮಾತ್ರ ತಡ ಮಾಡದೆ ನರದ ಡಾಕ್ಟರ ಹತ್ತಿರ ಹೋಗಬೇಕು. ಸೊಂಟದಲ್ಲಿ ನರ ಒತ್ತಿಕೊಂಡರೂ ಕಾಲು ಹೀಗೆ ಅದುರಬಹುದು.

ಒಂದೊಂದು ನರಕ್ಕೂ ಸ್ನಾಯುವಿನ ಒಂದಷ್ಟು ಎಳೆಗಳು ಸೇರಿರುತ್ತವೆ. ಮೆದುಳು ಹೇಳದೆಯೇ ಆ ನರ ಮಿಡಿದರೆ ಎಳೆಗಳೆಲ್ಲ ಒಟ್ಟಿಗೆ ಕುಗ್ಗುತ್ತವೆ. ಚರ್ಮದ ಕೆಳಗೆ ಹುಳ ಹರಿದ ಹಾಗೆ ಕಾಣುತ್ತದೆ. ಡಾಕ್ಟರುಗಳು ಇದಕ್ಕೆ ಫ್ಯಾಸಿಕ್ಯುಲೇಷನ್ ಅನ್ನುತ್ತಾರೆ. ಚೆನ್ನಾಗಿರುವವರಿಗೂ ಬರುತ್ತದೆ. ನೈಟ್ ಡ್ಯೂಟಿ ಮುಗಿಸಿದಾಗ ನನ್ನ ರೆಪ್ಪೆಯೂ ಕುಣಿಯುತ್ತದೆ. ನಿದ್ದೆಗೇಡು, ದಣಿವು, ಚಿಂತೆ, ಕಾಫಿ, ಇವೇ ಮುಖ್ಯ ಕಾರಣ. ರಾತ್ರಿ ಕರೆಂಟ್ ಕೊಟ್ಟಾಗೆಲ್ಲ ಎದ್ದು ಗದ್ದೆಗೆ ನೀರು ಕಟ್ಟಲು ಹೋಗುವವರಿಗೆ, ಫ್ಲಾಸ್ಕಿನ ತುಂಬ ಕಾಫಿ ಕುಡಿಯುವವರಿಗೆ ಬರದೆ ಇನ್ಯಾರಿಗೆ ಬರಬೇಕು? ರೆಪ್ಪೆಯದ್ದು ಸಾಮಾನ್ಯವಾಗಿ ಅದರಷ್ಟಕ್ಕೆ ಹೋಗುತ್ತದೆ. ಕೆನ್ನೆ, ಬಾಯಿ ಎಲ್ಲ ಒಂದೇ ಕಡೆಗೆ ಎಳೆದರೆ ಬೇರೆ ವಿಷಯ. ಅದಕ್ಕೂ ಇಂಜೆಕ್ಷನ್ ಇದೆ.

ನಿಮ್ಮ ಬಿಪಿ ಮಾತ್ರೆ ಯಾವುದು ಅಂತ ನನಗೆ ಗೊತ್ತಾಗಬೇಕು. ಹೈಡ್ರೋಕ್ಲೋರೋಥಯಜೈಡ್, ಕ್ಲೋರ್ತಾಲಿಡೋನ್ ಥರದ್ದಾದರೆ ಮೂತ್ರದ ಜೊತೆ ಪೊಟ್ಯಾಶಿಯಂ, ಮೆಗ್ನೀಶಿಯಂ ಹೊರಗೆ ಹೋಗುತ್ತವೆ. ಬಿಸಿಲಲ್ಲಿ ಬೆವರಿ ನೀರು ಕಮ್ಮಿಯಾದರೆ ಇನ್ನೂ ತೊಂದರೆ. ಅವು ಕಮ್ಮಿಯಾದರೆ ಸ್ನಾಯು ಅದುರುತ್ತದೆ, ಹಿಡಿದುಕೊಳ್ಳುತ್ತದೆ. ಹಾಗಂತ ಮಾತ್ರೆ ನೀವೇ ನಿಲ್ಲಿಸಬೇಡಿ. ಮದ್ದೂರಿನಿಂದ ಎಳನೀರು ತರಿಸಿ ದಿನವಿಡೀ ಕುಡಿಯುವುದೂ ಬೇಡ. ಎಳನೀರಿನಲ್ಲಿ ಪೊಟ್ಯಾಶಿಯಂ ಜಾಸ್ತಿ. ಕಿಡ್ನಿ ಸರಿಯಿಲ್ಲದಿದ್ದರೆ, ಅಥವಾ ಮಾತ್ರೆ ಟೆಲ್ಮಿಸಾರ್ಟನ್ ಥರದ್ದಾಗಿದ್ದರೆ ಅದು ಮಿತಿ ಮೀರಿ ಎದೆಬಡಿತಕ್ಕೇ ತೊಂದರೆ. ಮಂಡ್ಯದ ಮಿಮ್ಸ್ ಆಸ್ಪತ್ರೆಗೆ ಹೋಗಿ ಪೊಟ್ಯಾಶಿಯಂ, ಕ್ಯಾಲ್ಸಿಯಂ, ಮೆಗ್ನೀಶಿಯಂ, ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್, ಸಕ್ಕರೆ, ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ. ಥೈರಾಯ್ಡ್ ಜಾಸ್ತಿ ಆದರೂ ಹೀಗಾಗುತ್ತದೆ.

ನಿಜ ಹೇಳಲಾ? ನನಗೆ ಭಯ ಇರುವುದು ಬೆಳೆಗೆ ಹುಳದ ಔಷಧಿ ಹೊಡೆಯುವ ನಿಮ್ಮ ಕ್ಯಾನಿನ ಮೇಲೆ. ಅದುರುವುದು ಔಷಧಿ ಹೊಡೆದ ದಿನವೇ ಜಾಸ್ತಿಯಾಗುತ್ತದಾ, ಯೋಚಿಸಿ ಹೇಳಿ. ನರ ಸ್ನಾಯುವಿಗೆ ಸುದ್ದಿ ಮುಟ್ಟಿಸಲು ಒಂದು ರಾಸಾಯನಿಕ ಬಿಡುತ್ತದೆ. ಕೆಲಸ ಆದ ಕೂಡಲೇ ಅದನ್ನು ಒಡೆದುಹಾಕುವ ಕಿಣ್ವ ನಮ್ಮ ಮೈಯಲ್ಲೇ ಇದೆ. ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್ ಥರದ ಔಷಧಿಗಳು ಆ ಕಿಣ್ವವನ್ನೇ ಕೆಲಸ ಮಾಡಲು ಬಿಡುವುದಿಲ್ಲ. ಹುಳ ಸಾಯುವುದು ಹಾಗೆಯೇ, ಮನುಷ್ಯನಿಗೆ ವಿಷವಾಗುವುದೂ ಹಾಗೆಯೇ. ಮೊದಲು ಸ್ನಾಯು ಅದುರುತ್ತದೆ, ವಿಷ ಜಾಸ್ತಿಯಾದರೆ ಸೋತು ಉಸಿರೇ ನಿಲ್ಲಬಹುದು. ಕುಡಿದರೆ ಮಾತ್ರ ಅಂದುಕೊಳ್ಳಬೇಡಿ, ಚರ್ಮದಿಂದಲೂ ಒಳಗೆ ಹೋಗುತ್ತದೆ. ಲುಂಗಿ ಎತ್ತಿ ಕಟ್ಟಿ ಬರಿಗಾಲಲ್ಲಿ ಔಷಧಿ ಹೊಡೆಯುವುದು ಇನ್ನು ಬೇಡ. ತುಂಬು ತೋಳಿನ ಅಂಗಿ, ಪ್ಯಾಂಟು, ಬೂಟು, ಗ್ಲೌಸು ಹಾಕಿ. ಗಾಳಿಗೆ ಎದುರಾಗಿ ನಿಲ್ಲಬೇಡಿ. ಡಬ್ಬದ ಮೇಲಿನ ಬಣ್ಣದ ಗುರುತು ನೋಡಿ ತೆಗೆದುಕೊಳ್ಳಿ. ಕೆಂಪು ಎಲ್ಲಕ್ಕಿಂತ ವಿಷ, ಆಮೇಲೆ ಹಳದಿ, ನೀಲಿ, ಹಸಿರು.

ಔಷಧಿ ಹೊಡೆದ ಮೇಲೆ ಜೊಲ್ಲು, ಬೆವರು, ವಾಂತಿ, ಕಣ್ಣು ಮಂಜು, ಎದೆ ಬಿಗಿತ ಬಂದರೆ ಮೈ ಅದುರಲಿ ಬಿಡಲಿ, ಕಾಯಬೇಡಿ. ಬಟ್ಟೆ ಬಿಚ್ಚಿ, ಸೋಪು ಹಾಕಿ ಮೈ ತೊಳೆದು, ಡಬ್ಬದ ಸಮೇತ ಆಸ್ಪತ್ರೆಗೆ ಓಡಿ. ಈ ವಿಷಕ್ಕೆ ಕೊಡುವ ಅಟ್ರೋಪಿನ್ ಇಂಜೆಕ್ಷನ್ ಬೇಗ ಬಿದ್ದಷ್ಟೂ ಒಳ್ಳೆಯದು. ಇದನ್ನು ಅವ್ವನಿಗೂ ಓದಿ ಹೇಳಿ, ಪಕ್ಕದ ಹೊಲದವರಿಗೂ.

ಮಾತ್ರೆ ಪಟ್ಟಿಯ ಹಿಂಭಾಗದ ಫೋಟೋ, ಔಷಧಿ ಡಬ್ಬದ ಫೋಟೋ ಎರಡನ್ನೂ ಮಂಜನ ಕೈಲಿ ಇವತ್ತೇ ಕಳಿಸಿ. ಭಾನುವಾರ ನಿಮ್ಮ ರಾತ್ರಿ ಊಟದ ಹೊತ್ತಿಗೆ ಫೋನ್ ಮಾಡುತ್ತೇನೆ. ರಕ್ತಪರೀಕ್ಷೆಗೆ ಯಾವತ್ತು ಹೋಗುತ್ತೀರಿ ಅಂತ ಆಗ ಹೇಳಬೇಕು.

ನಿಮ್ಮ ಮಗಳು,
ಸವಿತಾ