ನೆಟ್ಸ್‌ನಲ್ಲಿ ಬೌಲಿಂಗ್ ವಿಡಿಯೊ: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಶನಿವಾರದ ನೆಟ್ಸ್ (ಬಲೆಯೊಳಗಿನ ಕ್ರಿಕೆಟ್ ಅಭ್ಯಾಸ) ವೇಳೆ ಮಕ್ಕಳ ಬೌಲಿಂಗ್ ಅನ್ನು ಮೊಬೈಲ್‌ನಲ್ಲಿ ಹಿಡಿದು ನಮ್ಮ ದೈಹಿಕ ಶಿಕ್ಷಕರಿಗೆ ಕಳಿಸುತ್ತಿದ್ದೀರಿ. ಸಂತೋಷ. ಆದರೆ ಬರುವ ವಿಡಿಯೊಗಳಲ್ಲಿ ಬಹುಪಾಲು ಚೆಂಡಿನ ಹಿಂದೆಯೇ ಓಡುತ್ತವೆ. ಸ್ಟಂಪ್ ಹಾರಿದ್ದು ಕಾಣುತ್ತದೆ, ಬೌಲರ್‌ನ ಕಾಲು ಎಲ್ಲಿ ಬಿತ್ತು ಎಂಬುದು ಕಾಣುವುದಿಲ್ಲ. ತಿದ್ದುವುದಕ್ಕೆ ಬೇಕಾದದ್ದು ಆ ಕಾಲು.

ವೇಗದ ಬೌಲರ್‌ನ ಮುಂಗಾಲು ನೆಲಕ್ಕೆ ತಾಗಿದ ಮೇಲೆ ಚೆಂಡು ಕೈಬಿಡಲು ಹಿಡಿಯುವುದು ಸುಮಾರು 0.1 ಸೆಕೆಂಡು. ಸೆಕೆಂಡಿಗೆ 30 ಫ್ರೇಮ್‌ನ ಮಾಮೂಲಿ ವಿಡಿಯೊದಲ್ಲಿ ಅಷ್ಟರೊಳಗೆ ಮೂರೇ ಚಿತ್ರ ಸಿಗುತ್ತವೆ, ಅದರಲ್ಲೂ ಕೈ ಮಸುಕು. ಸ್ಲೋ ಮೋಷನ್‌ನಲ್ಲಿ 120 ಇಟ್ಟರೆ ಹನ್ನೆರಡು, 240 ಇಟ್ಟರೆ ಇಪ್ಪತ್ನಾಲ್ಕು. ಒಳ್ಳೆ ಬಿಸಿಲಿದ್ದಾಗ ತೆಗೆಯಿರಿ. ಒಳಾಂಗಣದ ಟ್ಯೂಬ್‌ಲೈಟ್ ಕೆಳಗೆ 240ರಲ್ಲಿ ತೆಗೆದರೆ ಚಿತ್ರ ಮಿಣಮಿಣ ಎನ್ನುತ್ತದೆ, ಏಕೆಂದರೆ ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಆ ದೀಪ ಸೆಕೆಂಡಿಗೆ ನೂರು ಸಲ ಮಂಕಾಗುತ್ತದೆ. ಪೂರ್ತಿ ರನ್-ಅಪ್ ಬೇಡ, ಕೊನೆಯ ನಾಲ್ಕೈದು ಹೆಜ್ಜೆ ಸಾಕು. ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ವಿಡಿಯೊ ಆಗಿ ಕಳಿಸಿದರೆ ಕುಗ್ಗಿ ಬರುತ್ತದೆ.

ಎಲ್ಲಿ ನಿಲ್ಲಬೇಕು? ಬಲಗೈ ಬೌಲರ್ ಆದರೆ ಅವರ ಬಲಕ್ಕೆ, ಎಡಗೈ ಆದರೆ ಎಡಕ್ಕೆ. ಪಾಪಿಂಗ್ ಕ್ರೀಸ್‌ನ ಗೆರೆಯ (ಬೌಲರ್‌ನ ಮುಂಗಾಲು ಪೂರ್ತಿ ದಾಟಬಾರದ ಗೆರೆ) ನೇರಕ್ಕೇ, ಆರೇಳು ಮೀಟರ್ ದೂರದಲ್ಲಿ, ಸೊಂಟದ ಎತ್ತರಕ್ಕೆ ಫೋನ್ ಅಡ್ಡಲಾಗಿ ಇರಲಿ. ಒಂದು ಮೀಟರ್ ಆಚೀಚೆ ಸರಿದರೂ ಸರಿಯಾದ ಚೆಂಡು ನೋಬಾಲ್‌ನಂತೆ ಕಾಣುತ್ತದೆ. ಕೈಯಲ್ಲಿ ಹಿಡಿದು ಬೌಲರ್ ಜೊತೆ ತಿರುಗಿಸಬೇಡಿ, ಜೂಮ್ ಮಾಡಬೇಡಿ. ಎರಡನೆಯ ಕೋನ ಬೌಲರ್‌ನ ನೇರ ಹಿಂದಿನಿಂದ. ಮೊದಲ ಓವರ್ ಮತ್ತು ಕೊನೆಯ ಓವರ್ ಎರಡನ್ನೂ ತೆಗೆಯಿರಿ. ದಣಿದ ಮೇಲೆಯೇ ದೋಷ ಹೊರಬೀಳುವುದು. ವಿಡಿಯೊಗೆಂದು ಹೆಚ್ಚುವರಿ ಓವರ್ ಮಾತ್ರ ಹಾಕಿಸಬೇಡಿ.

ನೋಡುವಾಗ ಮೊದಲು ಹಿಂಗಾಲು ಊರಿದ ಫ್ರೇಮ್‌ನಲ್ಲಿ ನಿಲ್ಲಿಸಿ. ಪಾದ, ಸೊಂಟ, ಭುಜ ಮೂರೂ ಒಂದೇ ದಿಕ್ಕಿಗಿವೆಯೇ? ಎದೆ ಬ್ಯಾಟರ್ ಕಡೆಗಿರಲಿ, ಪಕ್ಕಕ್ಕಿರಲಿ, ಎರಡೂ ಒಪ್ಪಿತವೇ. ಸೊಂಟ ಬ್ಯಾಟರ್ ಕಡೆಗಿದ್ದು ಭುಜ ಮಾತ್ರ ಪಕ್ಕಕ್ಕೆ ತಿರುಚಿಕೊಂಡರೆ ಅದು ಮಿಕ್ಸ್ಡ್ ಆಕ್ಷನ್. ಪ್ರತಿ ಚೆಂಡಿಗೂ ಕೆಳಬೆನ್ನು ಹಿಂಡಿದಂತಾಗುತ್ತದೆ, ಬೆಳೆಯುವ ವಯಸ್ಸಿನ ವೇಗದ ಬೌಲರ್‌ಗಳ ಬೆನ್ನುಮೂಳೆಯಲ್ಲಿ ಒತ್ತಡದ ಬಿರುಕು ಕಾಣಿಸಿಕೊಳ್ಳಲು ಇದೊಂದು ಮುಖ್ಯ ಕಾರಣ. ಈ ಪತ್ರದಲ್ಲಿ ಒಂದನ್ನಷ್ಟೇ ನೆನಪಿಡುವುದಾದರೆ ಇದನ್ನು ನೆನಪಿಡಿ. ಕೆಳಬೆನ್ನು ನೋವು ಎಂದು ಮಗು ಹೇಳಿದರೆ ವಿಡಿಯೊ ಬದಿಗಿಟ್ಟು, ಬೌಲಿಂಗ್ ನಿಲ್ಲಿಸಿ, ವೈದ್ಯರಿಗೆ ತೋರಿಸಿ.

ಆಮೇಲೆ ಹಿಂದಿನಿಂದ ತೆಗೆದದ್ದು. ಮುಂಗಾಲು ಹಿಂಗಾಲಿನ ಗೆರೆ ದಾಟಿ ಅಡ್ಡ ಬಿದ್ದರೆ ಸೊಂಟ ತಿರುಗಲು ಜಾಗವಿಲ್ಲದೆ ಕೈ ದೇಹವನ್ನು ಸುತ್ತಿಕೊಂಡು ಬರುತ್ತದೆ, ಚೆಂಡು ಲೆಗ್ ಕಡೆಗೆ, ಅಂದರೆ ಬ್ಯಾಟರ್‌ನ ಕಾಲಿನ ಬದಿಗೆ, ಹೋಗುತ್ತದೆ. ತಲೆ ಪಕ್ಕಕ್ಕೆ ವಾಲುವುದಕ್ಕೆ ಬಹಳ ಸಲ ಮುಂದಿನ ಕೈ (ಚೆಂಡು ಹಿಡಿಯದ ಕೈ) ಬೇಗ ಕುಸಿಯುವುದೇ ಮೂಲ.

ಮೊಣಕೈ ವಿಚಾರ ದಯವಿಟ್ಟು ಶಿಕ್ಷಕರಿಗೆ ಬಿಡಿ. ಮೊಣಕೈ ನೆಟ್ಟಗೆ ಮಾಡಿ ಚೆಂಡನ್ನು ಎಸೆಯುವುದು (ಥ್ರೋ) ನಿಯಮಬಾಹಿರ, ಅದಕ್ಕೆ ಐಸಿಸಿ ಮಿತಿ 15 ಡಿಗ್ರಿ. ಅದು ಕೈ ಎಷ್ಟು ಬಾಗಿದೆ ಎಂಬುದರ ಲೆಕ್ಕವಲ್ಲ, ಕೈ ಭುಜದ ಮಟ್ಟಕ್ಕೆ ಬಂದಾಗಿನಿಂದ ಚೆಂಡು ಬಿಡುವವರೆಗೆ ಮೊಣಕೈ ಎಷ್ಟು ನೆಟ್ಟಗಾಯಿತು ಎಂಬುದರ ಲೆಕ್ಕ. ಒಂದೇ ಕೋನದ ಮೊಬೈಲ್ ವಿಡಿಯೊದಲ್ಲಿ, ಬಾಗಿಯೇ ಉಳಿದ ಕೈ ತಿರುಗಿದಾಗಲೂ ನೆಟ್ಟಗಾದಂತೆ ಕಾಣುತ್ತದೆ. ಅದನ್ನು ನೋಡಿ 'ಇವನು ಎಸೀತಾನೆ' ಎಂದು ಗ್ರೂಪ್‌ನಲ್ಲಿ ಬರೆಯುವುದು ಅನ್ಯಾಯ. ಹಾಗೆಯೇ ಎಲ್ಲರ ಆಕ್ಷನ್ ಅನ್ನೂ ಒಂದೇ ಅಚ್ಚಿಗೆ ಹಾಕುವ ಹಟವೂ ಬೇಡ. ಪೋಲಿಯೊದಿಂದ ಸೊರಗಿದ ಕೈಯಲ್ಲೇ ನಮ್ಮ ಸ್ಪಿನ್ನರ್ ಬಿ.ಎಸ್. ಚಂದ್ರಶೇಖರ್ 58 ಟೆಸ್ಟ್‌ಗಳಲ್ಲಿ 242 ವಿಕೆಟ್ ಪಡೆದರು.

ಒಂದು ಸಲಕ್ಕೆ ಒಂದೇ ತಿದ್ದುಪಡಿ. ಮೊದಲು ನಿಂತಲ್ಲಿಂದ, ಆಮೇಲೆ ಮೂರು ಹೆಜ್ಜೆಯಿಂದ, ಕೊನೆಗೆ ಪೂರ್ತಿ ಓಟದಿಂದ. ಈ ನಡುವೆ ಕೆಲವು ವಾರ ವೈಡ್ ಹೆಚ್ಚಾಗುತ್ತವೆ, ಗಾಬರಿಯಾಗಿ ಹಳೆಯದಕ್ಕೆ ಮರಳಿಸಬೇಡಿ.

ಬೇರೆ ಮಕ್ಕಳು ಚೌಕಟ್ಟಿನಲ್ಲಿದ್ದರೆ ಆ ವಿಡಿಯೊ ರೀಲ್ಸ್‌ಗೆ ಹೋಗಕೂಡದು. ಚಿತ್ರೀಕರಣದ ಒಪ್ಪಿಗೆ ಚೀಟಿಯನ್ನು ಸಹಿ ಮಾಡಿ ಶುಕ್ರವಾರದೊಳಗೆ ತರಗತಿ ಶಿಕ್ಷಕರಿಗೆ ಕೊಡಿ. ಟ್ರೈಪಾಡ್ ಕ್ರೀಡಾ ಕೊಠಡಿಯಲ್ಲಿದೆ, ಕೇಳಿ ಪಡೆಯಬಹುದು.

ಇಂತಿ,
ಮುಖ್ಯೋಪಾಧ್ಯಾಯರು